ಡೋಲ್ಮಕ್ಕ ಕನ್ನಡ ಕಲಿತದ್ದು

ಆಗೆಲ್ಲ ಮುಸುಕಿನ ಜೋಳ ಮುರಿದು ಚಳಿ ಶುರುವಾಯಿತೆಂದರೆ ಒಡೆಯರಪಾಳ್ಯದ ಟಿಬೆಟ್ ಕ್ಯಾಂಪು ಅರ್ಧ ಖಾಲಿಯಾಗುತ್ತಿತ್ತು. ದೇಶ ಬಿಟ್ಟು ಬಂದ ಆ ಜನಕ್ಕೆ ನಮ್ಮ ಕಾಡಂಚಿನಲ್ಲಿ ಸರ್ಕಾರ ಜಮೀನು ಕೊಟ್ಟಿತ್ತು. ಸುಗ್ಗಿ ಮುಗಿದ ಮೇಲೆ ಗಂಡಸರು, ಗಟ್ಟಿಮುಟ್ಟಾದ ಹೆಂಗಸರು ಸ್ವೆಟರ್ ಮಾರಲು ದೂರದ ಪಟ್ಟಣಗಳಿಗೆ ಹೊರಟುಬಿಡುತ್ತಿದ್ದರು. ಉಳಿಯುತ್ತಿದ್ದವರು ಮುದುಕರು, ಮಕ್ಕಳು, ಕೈಗೂಸಿನ ತಾಯಂದಿರು. ಕನ್ನಡವೋ ಹಿಂದಿಯೋ ಬಲ್ಲವರೆಲ್ಲ ಹೊರಟವರ ಜೊತೆಗೇ ಹೋಗಿರುತ್ತಿದ್ದರು.

ನಮ್ಮವ್ವ ಆ ಕ್ಯಾಂಪಿನ ಡೋಲ್ಮಕ್ಕನ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ನಾನೂ ಹಿಂದೆ ಹೋಗುತ್ತಿದ್ದೆ. ಡೋಲ್ಮಕ್ಕನ ಮಗಳು ಪೇಮಾ ನನ್ನ ಓರಗೆಯವಳು. ಜಗಲಿಯ ಮೇಲೆ ಕೂತು ಕಲ್ಲಾಟ ಆಡುತ್ತ ಆಡುತ್ತ ಅವಳ ಮಾತು ನನ್ನ ಬಾಯಿಗೆ ಬಂತು. ಕಲ್ಲು, ಕೈ, ಮೋಸ, ಹಸಿವು, ಇವತ್ತು, ನಾಳೆ. ಒಳಗಿಂದ ಉಪ್ಪು ಹಾಕಿದ ಬೆಣ್ಣೆ ಚಾದ ವಾಸನೆ, ಅಂಗಳದಿಂದ ಬೆಳಿಗ್ಗೆ ದೇವರಿಗೆಂದು ಸುಟ್ಟ ಸೊಪ್ಪಿನ ಹೊಗೆ. ಡೋಲ್ಮಕ್ಕ ದಪ್ಪ ರೊಟ್ಟಿ ಮುರಿದು ಪೇಮಾಗೆ ಕೊಟ್ಟಷ್ಟನ್ನೇ ನನಗೂ ಕೊಡುತ್ತಿದ್ದಳು. ಅವ್ವನಿಗೂ ಅವಳಿಗೂ ನಡುವೆ ಮಾತು ದಾಟಿಸುವವಳು ನಾನೇ. ಹನ್ನೊಂದು ವರ್ಷದ ನನಗೆ ಅದೊಂದು ಜಂಬ.

ನಮ್ಮೂರಿನವರಿಗೆ ಮಾತ್ರ ಅವಳ ಮೇಲೆ ಅಸಮಾಧಾನ. ಬಂದು ಇಷ್ಟು ವರ್ಷವಾಯಿತು, ನಮ್ಮ ನೀರು ಬೇಕು, ನೆಲ ಬೇಕು, ಮಾತು ಬೇಡವೇ ಎನ್ನುತ್ತಿದ್ದರು. ಒಂದು ಸಲ ನಾನೇ ಕೇಳಿದೆ, ಯಾಕೆ ಕಲಿಯಲಿಲ್ಲ ಎಂದು. ಅವಳು ನನ್ನ ವಯಸ್ಸಿಗೇ ಹಿಮ ದಾಟಿ ಬಂದವಳು, ಶಾಲೆ ಕಂಡವಳಲ್ಲ. ನಕ್ಕು ಹೇಳಿದಳು: ಇನ್ನೇನು ವಾಪಸ್ ಹೋಗುತ್ತೇವಲ್ಲ, ಅಲ್ಲಿ ನಿಮ್ಮ ಮಾತು ಯಾರ ಹತ್ತಿರ ಆಡಲಿ?

ಆ ಚಳಿಗಾಲದಲ್ಲಿ ಅವಳ ಗಂಡನೂ ಸ್ವೆಟರ್ ಗಂಟು ಹೊತ್ತು ಹೋಗಿದ್ದ. ಒಂದು ಬೆಳಿಗ್ಗೆ ಅವಳು ಎಂಟು ತಿಂಗಳ ಗಂಡುಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಮ್ಮ ಬಾಗಿಲಿಗೆ ಬಂದಳು. ಮಗು ಸುಡುತ್ತಿತ್ತು. ಪಕ್ಕೆ ಒಳಕ್ಕೆ ಎಳೆಯುವಂತೆ ಉಸಿರಾಡುತ್ತಿತ್ತು. ಕೊಳ್ಳೇಗಾಲದ ಡಾಕ್ಟರ ಹತ್ತಿರ ಹೋಗಬೇಕು, ನೀನು ಬಾ ಎಂದಳು.

ಅವ್ವ ನನ್ನ ಜಡೆ ಬಿಗಿದು ಕಳಿಸಿದಳು. "ಓಗು ಮಗಾ. ಬಾಯಿದ್ದೂ ಇಲ್ದೋಳು ಅವ್ಳು."

ಹನೂರು, ಕಾಮಗೆರೆ ದಾಟಿ ಕೊಳ್ಳೇಗಾಲ ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು. ವಯಸ್ಸಾದ ಡಾಕ್ಟರು ಮಗುವಿನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಆಲಿಸಿದರು. ಆಮೇಲೆ ಚೀಟಿ ಬರೆದು, ಡೋಲ್ಮಕ್ಕನನ್ನು ಬಿಟ್ಟು ನನ್ನನ್ನೇ ನೋಡಿ ನಿಧಾನವಾಗಿ ಹೇಳಿದರು.

"ಈಗಲೇ ಮೈಸೂರಿಗೆ ಕರ್ಕೊಂಡು ಹೋಗ್ಬೇಕು. ಮನೆಗೆ ವಾಪಸ್ ಹೋಗ್ಬಾರ್ದು. ಸರಿಯಾಗಿ ಹೇಳ್ತೀಯಾ?"

ತಲೆಯಾಡಿಸಿದೆ.

ಮೈಸೂರನ್ನು ನಾನು ಕಂಡಿರಲಿಲ್ಲ. ಅಲ್ಲಿಗೆ ಹೋದರೆ ನನ್ನನ್ನೂ ಕರೆದೊಯ್ಯುತ್ತಾಳೆ, ಅಲ್ಲೂ ಮಾತಿಗೆ ನಾನೇ ಬೇಕು, ಎಷ್ಟು ದಿನವೋ ಏನೋ. ಅವ್ವ ಇಲ್ಲದೆ ಒಂದು ರಾತ್ರಿಯೂ ಮಲಗಿದವಳಲ್ಲ. ಅವರ ಭಾಷೆಯಲ್ಲಿ 'ಈಗ' ಅನ್ನುವುದು ನನಗೆ ಗೊತ್ತಿತ್ತು, 'ನಾಳೆ' ಅನ್ನುವುದೂ ಗೊತ್ತಿತ್ತು. ನಾಳೆ ಮೈಸೂರಿಗೆ ಹೋಗಬೇಕಂತೆ ಎಂದೆ.

ಅವಳು ನನ್ನ ಮುಖ ನೋಡಿ ಮತ್ತೊಮ್ಮೆ ಕೇಳಿದಳು, ನಾಳೆಯೇ? ಹೂಂ ಎಂದೆ. ಅವಳ ಮುಖ ಸಡಿಲವಾಯಿತು. ನಾಳೆಯವರೆಗೆ ತಡೆಯಬಹುದಾದ ಕಾಯಿಲೆ ತಾನೇ ಅಂದುಕೊಂಡಿರಬೇಕು. ಡಾಕ್ಟರಿಗೆ ಕೈ ಮುಗಿದಳು. ಹೇಳಿದ್ದು ತಲುಪಿತೆಂದು ಅವರೂ ಸಮಾಧಾನದಿಂದ ಮುಂದಿನ ರೋಗಿಯನ್ನು ಕರೆದರು. ಬಸ್ ಸ್ಟ್ಯಾಂಡಿನಲ್ಲಿ ನನಗೆ ಕಿತ್ತಳೆ ಹಣ್ಣು ಕೊಡಿಸಿದಳು. ಊರ ಬಸ್ಸಿನಲ್ಲಿ ಮಗುವನ್ನು ಸ್ವಲ್ಪ ಹೊತ್ತು ನನ್ನ ತೊಡೆಯ ಮೇಲೆ ಮಲಗಿಸಿ ತಾನು ಕಣ್ಣು ಮುಚ್ಚಿದಳು. ಲಂಗದ ಮೂಲಕ ಆ ಕಾವು ನನಗೆ ತಾಗುತ್ತಿತ್ತು. ಹನೂರಿನಲ್ಲಿ ಬಸ್ಸು ನಿಂತಿತ್ತು. ಆಗಲಾದರೂ ಹೇಳಬಹುದಿತ್ತು. ಹಣ್ಣಿನ ಸಿಪ್ಪೆ ಸುಲಿಯುತ್ತ ಕೂತಿದ್ದೆ.

ಮರುದಿನ ಮೊದಲ ಬಸ್ಸು ಬರುವಷ್ಟರಲ್ಲಿ ಮಗು ಹೋಗಿತ್ತು.

ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕ್ಯಾಂಪಿನ ಮುದುಕರು ಅದರ ಆಯಸ್ಸು ಅಷ್ಟೇ ಎಂದರು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಅವ್ಳಿಗೇ ನಾಲ್ಕ್ ಮಾತ್ ಬಂದಿದ್ರೆ ಡಾಕ್ಟ್ರುನ್ನ ಇನ್ನೊಂದ್ ಸಲ ಕೇಳ್ಕಬೋದಾಗಿತ್ತು" ಎಂದಳು. ನನಗೆ ಅನ್ನ ಇಳಿಯಲಿಲ್ಲ. ಮಗುವಿಗೆ ಮರುಗುತ್ತಿದ್ದಾಳೆ ಎಂದು ಅವ್ವ ನನ್ನನ್ನು ಮಡಿಲಿಗೆ ಎಳೆದುಕೊಂಡಳು.

ತಿಂಗಳಾದ ಮೇಲೆ ಡೋಲ್ಮಕ್ಕ ನಮ್ಮ ಮನೆಗೆ ಬಂದು ತನಗೆ ಕನ್ನಡ ಕಲಿಸು ಎಂದಳು. ನಾನು ಉಪ್ಪು, ನೀರು, ಅಕ್ಕಿಯಿಂದ ಶುರುಮಾಡಹೋದೆ. ಅವಳು ಬೇಡವೆಂದು ತಲೆಯಾಡಿಸಿ, ಮೊದಲು ಹೊತ್ತಿನ ಮಾತುಗಳನ್ನು ಹೇಳಿಕೊಡು ಎಂದಳು. ನಿನ್ನೆ, ಇವತ್ತು, ನಾಳೆ, ಈಗ. ಒಂದೊಂದನ್ನೂ ಬಾಯಲ್ಲಿ ತಿರುಗಿಸಿ ತಿರುಗಿಸಿ ಹೇಳಿದಳು. ಆಮೇಲೆ ಪ್ರತಿ ಸಂಜೆ ಬರತೊಡಗಿದಳು. ಅಷ್ಟು ಹಟದಿಂದ ಕಲಿತವರನ್ನು ನಾನು ಮತ್ತೆ ಕಂಡಿಲ್ಲ. ಈಗ ಯಳಂದೂರಿನಲ್ಲಿ ಮೇಷ್ಟ್ರಮ್ಮ ಆಗಿ ಇಷ್ಟು ವರ್ಷವಾದರೂ.

ಜೋಳ ಮೊಳಕಾಲುದ್ದ ಬಂದಿದ್ದಾಗ, ಕಳೆ ಕೀಳುತ್ತಿದ್ದವಳು ಬೆನ್ನು ನೆಟ್ಟಗೆ ಮಾಡಿ ನನ್ನನ್ನು ಕರೆದಳು. ಅವ್ವ ದೂರದ ಸಾಲಿನಲ್ಲಿದ್ದಳು.

"ಮಾದೇವಿ, ಅವತ್ತು ಡಾಕ್ಟ್ರು 'ನಾಳೆ' ಅಂದ್ರಾ?"

ತಪ್ಪೇ ಇಲ್ಲದ ಕನ್ನಡ. ನಾನು ಅವಳ ಮಣ್ಣಾದ ಕೈ ನೋಡುತ್ತ "ಊಂ" ಎಂದೆ.

ಅವಳು ಕೈಯಲ್ಲಿದ್ದ ಕಳೆಯನ್ನು ಬದುವಿಗೆ ಎಸೆದಳು. "ಸರಿ" ಎಂದು ಮತ್ತೆ ಬಗ್ಗಿದಳು. ಮಧ್ಯಾಹ್ನ ಎಂದಿನಂತೆ ರೊಟ್ಟಿ ಕೊಟ್ಟಳು, ಪೇಮಾಗೆ ಕೊಟ್ಟಷ್ಟೇ. ಅವಳಿಗೆ ಗೊತ್ತಾಗಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ನಾನು ಒಂದೊಂದು ನೆಪ ಹೇಳಿ ಅಲ್ಲಿಗೆ ಹೋಗುವುದನ್ನು ಬಿಟ್ಟೆ.

ಸ್ಟಾಫ್ ರೂಮಿನಲ್ಲಿ ಆಗಾಗ ಮಾತು ಬರುತ್ತದೆ, ಬಂದವರು ನಮ್ಮ ಭಾಷೆ ಕಲಿಯಬೇಕೋ ಬೇಡವೋ ಎಂದು. ಕಲಿಯಲೇಬೇಕು ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳುವವಳು ನಾನು. ಯಾಕೆಂದು ಕೇಳಿದರೆ ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ಹೊರಡುತ್ತೇನೆ.

ಕೆಲವು ವರ್ಷಗಳ ಕೆಳಗೆ ಕೊಳ್ಳೇಗಾಲದ ಆಸ್ಪತ್ರೆಯೊಂದರಲ್ಲಿ ಡೋಲ್ಮಕ್ಕನನ್ನು ಕಂಡೆ. ಕೂದಲು ನರೆತಿತ್ತು. ಕ್ಯಾಂಪಿನ ಯಾರೋ ಮುದುಕಿಯನ್ನು ಕರೆತಂದಿದ್ದಳು. ಡಾಕ್ಟರು ಹೇಳಿದ್ದನ್ನು ಅವರಿಂದಲೇ ಎರಡನೇ ಸಲ ಹೇಳಿಸಿ, ಆಮೇಲೆ ಮುದುಕಿಗೆ ತಮ್ಮ ಮಾತಿನಲ್ಲಿ ತಿಳಿಸುತ್ತಿದ್ದಳು. ನಾನು ಹತ್ತೇ ಹೆಜ್ಜೆ ದೂರದಲ್ಲಿದ್ದೆ. ಕಿವಿಗೊಟ್ಟು ಕೇಳಿದೆ. ಒಂದು ಮಾತೂ ತಿಳಿಯಲಿಲ್ಲ. ಅಷ್ಟು ಸಲೀಸಾಗಿ ಆಡುತ್ತಿದ್ದ ಭಾಷೆ ಪೂರಾ ನನ್ನಿಂದ ಹೋಗಿಬಿಟ್ಟಿತ್ತು. ಆ ಭಾಷೆಯಲ್ಲಿ ಕ್ಷಮೆ ಕೇಳುವುದು ಹೇಗೆಂದಂತೂ ಕಲಿತೇ ಇರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಹೊರಗೆ ನಡೆದೆ.

ಕನ್ನಡದಲ್ಲಿ ಕೇಳಬಹುದಿತ್ತು. ಅವಳಿಗೆ ಬರುತ್ತಿತ್ತು.