ನಾಲ್ಕನೇ ನಿಂಬೆಹಣ್ಣು

ನಂಬಿ ಎಂದು ಒತ್ತಾಯಿಸುವ ಮುಖ ನನಗಿಲ್ಲ. ಗ್ಯಾಸ್ ಆಫ್ ಮಾಡಿದೆನೇ ಎಂದು ರಾತ್ರಿ ಮೂರು ಸಲ ಎದ್ದು ನೋಡುವ, ಐವತ್ತೆರಡು ವರ್ಷದ ಪುಕ್ಕಲ ನಾನು. ಆದರೂ ಹೋದ ವರ್ಷ ಇಟ್ಟಮಡುವಿನ ನಮ್ಮ ಮನೆ ಗೇಟಿನೆದುರು ನಡೆದದ್ದು ನಡೆದದ್ದೇ.

ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು. ದೊಡ್ಡವರು ಓಡಾಡುವಂಥ ಐಷಾರಾಮಿ ಸೆಡಾನ್. ಬ್ಯಾಟರಿ ಎಷ್ಟು ಸವೆದಿದೆ, ಮಳೆನೀರಲ್ಲಿ ಮುಳುಗಿತ್ತೇ, ಯಾರಿಗಾದರೂ ಗುದ್ದಿತ್ತೇ... ಕೇಳಿ ಕೇಳಿ ಮಾರುವವರನ್ನು ಸುಸ್ತು ಮಾಡಿದ್ದೆ. ನಾನು ಕರೆದೊಯ್ದ ಮೆಕ್ಯಾನಿಕ್ ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿ, "ಸಾರ್, ನಿಮಗಿಂತ ಗಟ್ಟಿಯಾಗಿದೆ" ಎಂದಿದ್ದ.

ಮನೆಗೆ ತರುವಷ್ಟರಲ್ಲಿ ಕತ್ತಲಾಗಿತ್ತು. ಪೂಜೆ ಬೆಳಿಗ್ಗೆ ದೇವಸ್ಥಾನದಲ್ಲೇ ಮಾಡಿಸೋಣ ಎಂದಳು ಹೆಂಡತಿ ಸುಧಾ. ಪೂಜೆಯಾಗದ ಕಾರು ಇಡೀ ರಾತ್ರಿ ಹೊರಗೆ ನಿಂತರೆ ನನಗೆ ನಿದ್ದೆ ಬಂದ ಹಾಗೇ. ಈಗಲೇ ಆಗಬೇಕೆಂದು ಹಟ ಹಿಡಿದೆ. ಅವಳ ತಮ್ಮ ಮಂಜು ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟ. ಮೂರು ಸರಿಯಾಗಿ ಕೂತವು. ನಾಲ್ಕನೆಯದು ವಾರೆಯಾಗಿತ್ತು.

"ಮಂಜು, ಅದನ್ನ ಸ್ವಲ್ಪ ಒಳಗೆ ತಳ್ಳೋ."

"ನಿಂಬೆಹಣ್ಣಿಗೂ ಟೆನ್ಶನ್ನಾ ಭಾವ?" ಎನ್ನುತ್ತಾ ಅವನು ಗೇಟಿನ ಕಂಬಕ್ಕೆ ಬೆನ್ನು ಮಾಡಿ ಬಗ್ಗಿದ.

ಕಾರು ಆಫ್ ಆಗಿತ್ತು. ಒಳಗೆ ಯಾರೂ ಇರಲಿಲ್ಲ. ಕೀ ನನ್ನ ಕೈಯಲ್ಲಿದ್ದ ಆರತಿ ತಟ್ಟೆಯಲ್ಲೇ ಇತ್ತು...

ಮಂಜು ಏಳುವಷ್ಟರಲ್ಲಿ ಅದು ಸದ್ದಿಲ್ಲದೆ ನುಗ್ಗಿತು. ಮೊದಲು ಬಂದದ್ದು ನಿಂಬೆಯ ವಾಸನೆ. ಆಮೇಲೆ, ಕಬ್ಬು ಮುರಿದಂಥ ಸದ್ದು. ಕಂಬಕ್ಕೂ ಕಾರಿಗೂ ನಡುವೆ ಅವನ ತೊಡೆಗಳು.

ಹಿಂದೆ ಸರಿಯಿತು. ಮತ್ತೆ ನುಗ್ಗಿತು... ಇನ್ನೊಮ್ಮೆ. ಬಾನೆಟ್ಟಿನ ಮೇಲಿನ ಕುಂಕುಮ ಯಾವುದು, ರಕ್ತ ಯಾವುದು ತಿಳಿಯಲಿಲ್ಲ. ತಟ್ಟೆ ಎಸೆದು, ಪೂಜೆಗೆ ತಂದಿದ್ದ ತೆಂಗಿನಕಾಯಿಯಿಂದ ಕಿಟಕಿಗೆ ಬಡಿದೆ. ಒಡೆದದ್ದು ಕಾಯಿ, ಗಾಜಲ್ಲ. ಆ ಕ್ಷಣವೇ ಕಾರು ನಿಂತಿತು.

ಮಂಜುವಿನ ಎಡಗಾಲು ಉಳಿಯಿತು. ಬಲಗಾಲು ಉಳಿಯಲಿಲ್ಲ. ಸರ್ವಿಸ್ ಸೆಂಟರ್‌ನವರು ಕಾರಿನ ಕಂಪ್ಯೂಟರ್‌ನಿಂದ ದಾಖಲೆ ತೆಗೆದು ತೋರಿಸಿದರು: ಆ ಹೊತ್ತಿನಲ್ಲಿ ಕಾರು ಒಂದಿಂಚೂ ಕದಲಿಲ್ಲವಂತೆ.

ಮೂರನೇ ದಿನ ಪ್ರಜ್ಞೆ ಬಂದಾಗ ಮಂಜು ನನ್ನತ್ತ ನೋಡದೆ ಅಕ್ಕನನ್ನು ಹತ್ತಿರ ಕರೆದ.

"ಭಾವನ್ನ ಹೊರಗೆ ಕಳ್ಸು ಅಕ್ಕಾ. ಕಾರೊಳಗೆ ಕೂತು ನನ್ನೇ ನೋಡ್ತಾ ಇದ್ರು."

"ನನ್ನ ಪಕ್ಕದಲ್ಲೇ ನಿಂತಿದ್ದರು ಕಣೋ" ಎಂದು ಸುಧಾ ಅತ್ತಳು. ನಾನು ಹೊರಗೆ ನಡೆದೆ. ಅಂದು ರಾತ್ರಿ ಮನೆಗೆ ಬಂದು ಅಂಗಿ ಬಿಚ್ಚಿದಾಗ ಬಲ ಭುಜದಿಂದ ಎಡ ಸೊಂಟದವರೆಗೆ ಅಗಲವಾದ ಕೆಂಪು ಬರೆ ಎದ್ದಿತ್ತು. ಸೀಟ್ ಬೆಲ್ಟ್ ಬಿಗಿದು ಜಗ್ಗಿದ ಹಾಗೆ.

ಇನ್ನೂ ಮಾಸಿಲ್ಲ. ಸುಧಾಗೆ ತೋರಿಸಿಲ್ಲ...