ಸೂಳಗಿರಿ ಅಕ್ಕನ ಕೆಟ್ಟ ಯುಪಿಎಸ್‌ಗಳು

ಅಕ್ಕನ ಸೊಂಟದಲ್ಲಿ ಒಂದು ಅಯಸ್ಕಾಂತ ನೇತಾಡುತ್ತಿತ್ತು. ಹಳೇ ಸ್ಪೀಕರಿನಿಂದ ಕಿತ್ತ, ಅಂಗೈಯಗಲದ ಕರಿ ಬಿಲ್ಲೆ. ಅದರ ಸುತ್ತ ಕಬ್ಬಿಣದ ಪುಡಿ ಗಡ್ಡದ ಹಾಗೆ ನಿಮಿರಿಕೊಂಡಿರುತ್ತಿತ್ತು. ಯಾರಾದರೂ ಹಿತ್ತಾಳೆ ಅಂತ ಏನಾದರೂ ತಂದರೆ ಅಕ್ಕ ವಾದ ಮಾಡುತ್ತಿರಲಿಲ್ಲ. ಸೊಂಟ ಒಂದಿಷ್ಟು ವಾರೆ ಮಾಡಿ ಸಾಮಾನಿಗೆ ತಗುಲಿಸೋಳು. ಟಕ್ ಅಂತ ಅಂಟಿಕೊಂಡರೆ, "ನಿನ್ನ ಹಿತ್ತಾಳೆ ನನ್ನ ಸೊಂಟ ಬುಡಂಗೇ ಇಲ್ವಲ್ಲಪ್ಪ" ಅನ್ನೋಳು. ತಂದವನು ಹಲ್ಲು ಕಿರಿದು ಕಬ್ಬಿಣದ ರೇಟಿಗೇ ಕೊಟ್ಟು ಹೋಗುತ್ತಿದ್ದ.

ಸೂಳಗಿರಿಯಲ್ಲಿ ಹೈವೇ ಪಕ್ಕಕ್ಕೆ ಅವಳ ಗುಜರಿ ಅಂಗಡಿ. ಹುಟ್ಟಿದ್ದು ಬೇರಿಕೆ ಕಡೆ. ತಮಿಳಿನಲ್ಲಿ ವ್ಯಾಪಾರ, ತೆಲುಗಿನಲ್ಲಿ ಬೈಗುಳ, ಕನ್ನಡದಲ್ಲಿ ಕಷ್ಟಸುಖ. ಓದು ಬರಹ ಇಲ್ಲ. ಗಂಡ ತೀರಿಕೊಂಡ ಮೇಲೆ ತಮ್ಮನನ್ನು ಜೊತೆಗಿಟ್ಟುಕೊಂಡು ಅಂಗಡಿ ನಡೆಸುತ್ತಿದ್ದಳು.

ನಾನಾಗ ಮತ್ತಿಗಿರಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಬೆಸುಗೆ ಲೈನಿನ ಕೆಲಸ. ಎಲೆಕ್ಟ್ರಾನಿಕ್ ಬೋರ್ಡು ನನ್ನ ಮುಂದೆ ಬಂದು ನಿಲ್ಲಬೇಕು, ಅದರಲ್ಲಿ ಚುಚ್ಚಿದ ಬಿಡಿಭಾಗಗಳ ಪೈಕಿ ನನ್ನ ಪಾಲಿನ ನಾಲ್ಕು ಕಾಲಿಗೆ ಬೆಸುಗೆ ಹಾಕಬೇಕು, ಬೋರ್ಡು ಮುಂದಕ್ಕೆ ಹೋಗಬೇಕು. ನಾಲ್ಕು ವರ್ಷ ಹಾಕಿದರೂ ಆ ಬೋರ್ಡು ಏನು ಮಾಡುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಗಾಜಿನ ಗೋಡೆಯ ಆಚೆ ರಿಪೇರಿ ಟೇಬಲ್ಲಿತ್ತು. ಅಲ್ಲಿಗೆ ಹೋಗುವ ಆಸೆ ನನಗೆ ಹಸಿವಿನ ಹಾಗೆ ಹತ್ತಿತ್ತು. ಪರೀಕ್ಷೆ ಒಂದೇ: ಕೆಟ್ಟ ಬೋರ್ಡು ಕೈಗೆ ಕೊಡುತ್ತಾರೆ, ಎಲ್ಲಿ ಕೆಟ್ಟಿದೆ ಅಂತ ಹೇಳಬೇಕು. ನನಗೆ ಐಟಿಐ ಇಲ್ಲ. ಮನೆಯಲ್ಲಿ ಕೂತು ಕಲಿಯಬೇಕು, ಕಲಿಯೋಕೆ ಕೆಡಿಸಬೇಕು, ಕೆಡಿಸೋಕೆ ಅಗ್ಗದ ಸಾಮಾನು ಬೇಕು.

ಅದಕ್ಕೆ ಹಳೇ ಯುಪಿಎಸ್‌ನಂಥದ್ದು ಇನ್ನೊಂದಿಲ್ಲ. ಆಫೀಸಿನವರು ಬ್ಯಾಟರಿ ಸತ್ತರೆ ಪೆಟ್ಟಿಗೆಯನ್ನೇ ಎಸೆಯುತ್ತಾರೆ. ಒಳಗೆ ಟ್ರಾನ್ಸ್‌ಫಾರ್ಮರು, ರಿಲೇ, ಚಾರ್ಜರು ಎಲ್ಲ ಗಟ್ಟಿಮುಟ್ಟಾಗಿ ಕೂತಿರುತ್ತವೆ. ನೀವೂ ಕೊಳ್ಳೋದಾದರೆ ಮೊದಲು ಎತ್ತಿ ನೋಡಿ. ಹಗುರವಾಗಿದ್ದರೆ ಟ್ರಾನ್ಸ್‌ಫಾರ್ಮರನ್ನು ಯಾರೋ ಆಗಲೇ ತಿಂದಿದ್ದಾರೆ. ಗಾಳಿಕಿಂಡಿಗೆ ಮೂಗಿಡಿ, ಸುಟ್ಟ ವಾಸನೆ ಬಂದರೆ ಬಿಟ್ಟುಬಿಡಿ. ಬ್ಯಾಟರಿ ಬೇಡ ಅನ್ನಿ, ಅದು ಸೀಸದ ರೇಟಿಗೆ ಹೋಗುವ ಮಾಲು, ಅಂಗಡಿಯವರಿಗೇ ಇರಲಿ. ಇಷ್ಟು ಸಾಮಾನು ನೋಡುವ ಮಾತು. ಚೌಕಾಸಿಗೆ ನನ್ನದೊಂದು ಸೂತ್ರವಿತ್ತು: ಬೇಕಾದ್ದನ್ನು ಬೇಕು ಅನ್ನಬಾರದು. ಅದನ್ನೇ ಹೀಯಾಳಿಸಬೇಕು, ಬಿಟ್ಟು ಬರಬೇಕು, ಮುಂದಿನ ವಾರ ಹೋಗಬೇಕು.

ಒಂದು ಭಾನುವಾರ ಹೋದಾಗ ಅಕ್ಕನ ಅಂಗಡಿಗೆ ದೊಡ್ಡ ಯುಪಿಎಸ್ ಒಂದು ಬಂದಿತ್ತು. ಒಂದು ಗೀರಿಲ್ಲ. ಎತ್ತಿದರೆ ಕೈ ಜಗ್ಗುವಷ್ಟು ತೂಕ. ನನ್ನ ಎದೆ ಹೊಡೆದುಕೊಂಡಿತು, ಬಾಯಿ ಮಾತ್ರ, "ಏನಕ್ಕ ಇದು, ಬರೀ ತಗಡು! ಒಡೆದರೆ ತಾಮ್ರನಾದ್ರೂ ಸಿಕ್ತದೆ ನೋಡು" ಅಂದಿತು. ಬಂದುಬಿಟ್ಟೆ.

ಮುಂದಿನ ಭಾನುವಾರ ಹೋದಾಗ ಅದು ಇರಲಿಲ್ಲ. ತಗಡು ಒಂದು ಕಡೆ, ಬಿಚ್ಚಿದ ತಾಮ್ರದ ತಂತಿ ಒಂದು ಕಡೆ, ಬೋರ್ಡು ಎರಡು ತುಂಡು.

"ಒಡ್ದಾಕ್ಬುಟ್ಯಾ?"

"ನೀನೇ ಯೋಳ್ದಲ್ಲಮ್ಮ."

ನನಗೆ ಅಳು ಬಂತು. ಅಂಗಡಿ ಮುಂದೆ ನಿಂತು ಚಿಕ್ಕ ಮಕ್ಕಳ ಹಾಗೆ ಅತ್ತೆ. ಪರೀಕ್ಷೆಯ ವಿಷಯ ಅವತ್ತೇ ನಾನು ಅಕ್ಕನಿಗೆ ಮೊದಲ ಸಲ ಬಾಯಿಬಿಟ್ಟಿದ್ದು. ಅವಳು ಸುತ್ತಿಗೆ ಕೆಳಗಿಟ್ಟಳು. "ಥೂ ನಿನ್ನ! ಬೇಕು ಅಂತ ಒಂದು ಮಾತು ಅಂದಿದ್ರೆ ನಾಲ್ಗೆ ಸವ್ದೋಗ್ತಿತ್ತಾ?"

ಆಮೇಲೆ ಒಳಗಿನಿಂದ ಒಂದು ಮೂಟೆ ಎಳೆದು ತಂದು ಸುರಿದಳು. ಎಲ್ಲಾ ಯುಪಿಎಸ್ ಬೋರ್ಡುಗಳೇ, ಎಲ್ಲವೂ ಸತ್ತವು. "ನಂಗೆ ಒಂದಕ್ಷರ ಬರಲ್ಲ. ಆದ್ರೆ ಹನ್ನೆರಡು ವರ್ಷದಿಂದ ಒಡೀತಾ ಇವ್ನಿ. ಎಲ್ಲಿ ಸಾಯ್ತಾವೆ ಅಂತ ನಂಗೊತ್ತು. ಕುಂತ್ಕೋ." ಕಪ್ಪಾದ ಬೆರಳಿಟ್ಟು ತೋರಿಸಿದಳು. ಈ ಡಬ್ಬಿಯಂಥದ್ದರ ತಲೆ ಉಬ್ಬಿರುತ್ತದೆ. ಈ ಮೂರು ಕಾಲಿನದು ಒಡೆದಿರುತ್ತದೆ. ಇದರ ಬುಡದಲ್ಲಿ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ಹೆಸರು ಒಂದೂ ಗೊತ್ತಿಲ್ಲ, ಜಾಗ ಒಂದೂ ತಪ್ಪಲ್ಲ. "ಡಾಕ್ಟ್ರು ಬದುಕಿರೋರ್ನ ನೋಡವ್ರೆ. ನಾನು ಬರೀ ಹೆಣ ನೋಡಿರೋಳು ಕಣಮ್ಮ" ಅಂತ ನಕ್ಕಳು.

ಮೂರು ತಿಂಗಳು ಪ್ರತಿ ಭಾನುವಾರ ಆ ಮೂಟೆಯ ಗೋಣಿಚೀಲ ಹಾಸಿಕೊಂಡು ಕೂತೆ. ಅವಳು ಜಾಗ ತೋರಿಸೋಳು, ನಾನು ಪುಸ್ತಕದಲ್ಲಿ ಹೆಸರು ಹುಡುಕಿ ಹೇಳುತ್ತಿದ್ದೆ. "ಕೆಪಾಸಿಟರು" ಅಂದರೆ, "ಅಯ್ಯ, ಅದ್ಕೆ ಇಷ್ಟುದ್ದ ಹೆಸ್ರಾ! ನಾನು ಉಬ್ಬುತಲೆ ಅಂತೀನಿ" ಅನ್ನೋಳು.

ಪರೀಕ್ಷೆಯ ದಿನ ಕೊಟ್ಟ ಬೋರ್ಡಿನಲ್ಲಿ ನನ್ನ ಕಣ್ಣು ನೇರವಾಗಿ ಅಕ್ಕನ ಬೆರಳು ಹೋಗುವ ಕಡೆಗೇ ಹೋಯಿತು. ಬೆಸುಗೆಯ ಬಿರುಕು. ಪಾಸಾದೆ. ಗಾಜಿನ ಆಚೆಗೆ ಹೋದೆ.

ಅಕ್ಕನಿಗೆ ಹೇಳಲಿಲ್ಲ.

ಯಾಕೆ ಅಂದರೆ, ಅಷ್ಟು ಹೊತ್ತಿಗೆ ನನಗೆ ಯುಪಿಎಸ್ ಹುಚ್ಚು ಹಿಡಿದಿತ್ತು. ಆ ವರ್ಷಗಳಲ್ಲಿ ಕರೆಂಟು ಹೋಗದ ದಿನವೇ ಇರಲಿಲ್ಲ. ಮನೆಗೊಂದು ಲೈಟು, ಪಕ್ಕದ ಮನೆಗೊಂದು ಫ್ಯಾನು ಅಂತ ಹಳೇ ಪೆಟ್ಟಿಗೆಗಳನ್ನೇ ಕೂಡಿಸಿ ಇನ್ವರ್ಟರ್ ಮಾಡುತ್ತಿದ್ದೆ. ಸಂಬಳ ಜಾಸ್ತಿಯಾಯಿತು ಅಂತ ಗೊತ್ತಾದರೆ ಅಕ್ಕ ರೇಟು ಏರಿಸಿಬಿಟ್ಟರೆ? ಅವಳು ಕೇಳಿದಾಗ, "ಈ ಸಲ ಆಗ್ಲಿಲ್ಲಕ್ಕ" ಅಂದುಬಿಟ್ಟೆ.

"ಹೋಗ್ಲಿ ಬುಡು. ಇನ್ನೊಂದ್ಸಲ ಕುಂತ್ಕೋ. ಅವ್ರಪ್ಪನ ಮನೆ ಗಂಟೇನೋಗಲ್ಲ" ಅಂದಳು. ಅವತ್ತು ನಾನು ಕೇಳದೆಯೇ ಬೆಲೆ ಇಳಿಸಿದಳು. ನಾನು ಆ ಬೆಲೆಗೇ ತಗೊಂಡೆ. ಇದೊಂದು ತಗೊಂಡು ಹೇಳಿಬಿಡೋಣ ಅಂದುಕೊಂಡೆ. ಮುಂದಿನ ವಾರ ಇನ್ನೊಂದು ಬಂದಿರುತ್ತಿತ್ತು. ಹೀಗೇ ಐದು ತಿಂಗಳು.

ಕಾರ್ಖಾನೆಯಲ್ಲಿ ಓವರ್‌ಟೈಮ್ ಕೆಲಸ ಬಂತು, ಮೂರು ಭಾನುವಾರ ಹೋಗಲಾಗಲಿಲ್ಲ. ನಾಲ್ಕನೆಯದಕ್ಕೆ ಹೋದರೆ ತಕ್ಕಡಿಯ ಹತ್ತಿರ ತಮ್ಮ ಒಬ್ಬನೇ ತಲೆ ಬೋಳಿಸಿಕೊಂಡು ಕೂತಿದ್ದ. ಜ್ವರ ಅಂತ ಮಲಗಿದವಳು ಏಳಲಿಲ್ಲವಂತೆ. ಅವನು ಒಳಗೆ ಹೋಗಿ ಹೊಸದೊಂದು ಮೂಟೆ ತಂದ. ಒಳಗೆ ಬೋರ್ಡುಗಳು, ಒಂದೂ ಒಡೆದಿರಲಿಲ್ಲ. ಅಭ್ಯಾಸಬಲದಿಂದ ತಕ್ಕಡಿಯ ಕಡೆ ಎಳೆದೆ.

"ತೂಗ್ಬ್ಯಾಡ ಅಂದವ್ಳೆ ಅಕ್ಕ. ಆ ಹುಡುಗಿ ತಿರ್ಗಾ ಪರೀಕ್ಸೆಗೆ ಕುಂತ್ಕತಾಳೆ, ಯಾರ್ಗೂ ಮಾರ್ಬ್ಯಾಡ ಅಂತ ಮಲಗಿದ್ ಕಡೆಯಿಂದ್ಲೇ ಯೋಳಿದ್ಳು. ಯಾವಾಗಮ್ಮ ಪರೀಕ್ಸೆ?"

"ಆಗೋಯ್ತಣ್ಣ."

"ಪಾಸಾ?"

"ಪಾಸು."

ಅವನ ಮುಖ ಅರಳಿತು. "ಅಯ್ಯೋ, ಅಕ್ಕ ಇದ್ದಿದ್ರೆ ಈ ಬೀದಿಗೆಲ್ಲ ಟೀ ಕುಡಿಸೋಳು!" ಅಂದ.

ಯಾವಾಗ ಆಯಿತು ಅಂತ ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.