ದೊರೆಯ ಈಸಿಚೇರು

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಎಸ್ಟೇಟು ಮಾರಿ ತಮ್ಮ ದೇಶಕ್ಕೆ ಹೊರಟ ದೊರೆಗಳ ಬಂಗಲೆ ಸಾಮಾನೆಲ್ಲ ಮಡಿಕೇರಿಯ ಶುಕ್ರವಾರದ ಸಂತೆಗೆ ಬಂದು ಬೀಳುತ್ತಿತ್ತು. ತರಕಾರಿ ಸಾಲು ದಾಟಿದರೆ ಬಯಲಲ್ಲೇ ಗೋಣಿ ಹಾಸಿ ಪಿಂಗಾಣಿ ತಟ್ಟೆ, ಲಾಟೀನು, ಜಿಂಕೆಯ ಕೊಂಬು, ಒಂಟಿ ಬೂಟು. ಒಂಟಿ ಬೂಟನ್ನು ಯಾರು ಕೊಳ್ಳುತ್ತಾರೋ ಆ ಶಿವನೇ ಬಲ್ಲ. ಅದಕ್ಕೂ ಚೌಕಾಶಿ ನಡೆಯುತ್ತಿತ್ತು.

ಅಪ್ಪ ಚೆಟ್ಟಳ್ಳಿಯ ಒಂದು ಬಂಗಲೆಯಲ್ಲಿ ಇಪ್ಪತ್ತು ವರ್ಷ ಬಟ್ಲರ್ ಆಗಿದ್ದವರು. ಕೆಲಸವೆಂದರೆ ದೊರೆಯ ಕುರ್ಚಿಯ ಹಿಂದೆ ನಿಲ್ಲುವುದು. ನಿಂತು ನಿಂತು ಎರಡೂ ಕಾಲು ಬಾತಿದ್ದವು. ಕಾಲು ಮೇಲಿಟ್ಟುಕೊಂಡು ಕೂರದಿದ್ದರೆ ನಡೆಯುವುದೇ ನಿಂತುಹೋದೀತು ಎಂದು ಡಾಕ್ಟರು ಹೆದರಿಸಿದ್ದರು. ದೊರೆ ಹೋದ ಮೇಲೂ ಇವರು ಮನೆಯಲ್ಲಿ ಗೋಡೆಗೆ ಒರಗಿ ನಿಂತೇ ಇರುತ್ತಿದ್ದರು. ನೋಡಿ ನನಗೆ ಮೈ ಉರಿಯುತ್ತಿತ್ತು. ಕೊನೆಗೆ ಅವ್ವ ತನ್ನ ಕೋಳಿಗಳನ್ನು ಮಾರಿ, ಈಸಿಚೇರು ತರೋಣವೆಂದು ಅಪ್ಪನನ್ನೂ ನನ್ನನ್ನೂ ಸಂತೆಗೆ ಎಳೆದುಕೊಂಡು ಹೋದಳು.

ಚೇರು ಸಿಕ್ಕಿತು. ಬೀಟೆ ಮರದ್ದು, ಬೆತ್ತ ಹೆಣೆದದ್ದು, ಕಾಲು ಚಾಚಿಡಲು ಉದ್ದ ತೋಳುಗಳಿದ್ದವು. ಅಪ್ಪನ ಮುಖ ನೋಡಿದರೇ ತಿಳಿಯುತ್ತಿತ್ತು, ಇದು ಅವರೇ ದಿನಾ ಒರೆಸುತ್ತಿದ್ದ ಚೇರು.

“ಕೂತು ನೋಡಿ ಅಣ್ಣಾ,” ಎಂದ ಮಾರುವವನು.

ಅಪ್ಪ ಹೆಗಲ ಟವೆಲಿನಿಂದ ಚೇರಿನ ತೋಳು ಒರೆಸಿದರು. ಕೂರಲಿಲ್ಲ. ಇದೂ ಚೌಕಾಶಿಯ ಒಂದು ಬಗೆಯೆಂದುಕೊಂಡ ಅವನು ತಾನಾಗಿಯೇ ಬೆಲೆ ಇಳಿಸಿದ. ಅಪ್ಪ ಮತ್ತೆ ಒರೆಸಿದರು.

ಅಷ್ಟರಲ್ಲಿ ಯಾವುದೋ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಸಂತೆ ಸುತ್ತಿ ದಣಿದವರು, ಅದರಲ್ಲಿ ಧೊಪ್ಪನೆ ಕೂತು ಕಣ್ಣು ಮುಚ್ಚಿ, “ಅಬ್ಬ, ಒಂಚೂರು ನೀರು,” ಎಂದರು. ಯಾರಿಗೂ ಹೇಳಿದ್ದಲ್ಲ. ಅಪ್ಪ ಓಡಿದರು, ಆ ಕಾಲಲ್ಲಿ. ಎದುರಿನ ಹೋಟೆಲಿನಿಂದ ತಟ್ಟೆಯ ಮೇಲೆ ಲೋಟವಿಟ್ಟು ತಂದು, ಬಗ್ಗಿ ಕೊಟ್ಟು, ಚೇರಿನ ಹಿಂದೆ ಹೋಗಿ ನಿಂತುಬಿಟ್ಟರು.

ಜನ ನಕ್ಕರು. “ಹುಟ್ಟುಗುಣ ಸುಟ್ರೂ ಹೋಗಲ್ಲ ಬಿಡಿ,” ಎಂದರು ಯಾರೋ. ಹುಟ್ಟುಗುಣವಂತೆ! ಇಪ್ಪತ್ತು ವರ್ಷ ಗದರಿಸಿ ಕಲಿಸಿದ್ದು ಅದು.

ಅವ್ವ ದುಡ್ಡಿನ ಗಂಟನ್ನು ಮಾರುವವನ ಕೈಗೆ ಹಾಕಿ, “ಏಳಿ ಸ್ವಾಮಿ, ಚೇರು ನಮ್ದು,” ಎಂದಳು. ರೈಟರು ಪಾಪ, ಗಾಬರಿಯಾಗಿ ಎದ್ದರು.

“ಕೂತ್ಕಳಿ,” ಎಂದಳು ಅಪ್ಪನಿಗೆ.

“ಮನೇಲಿ ಕೂತ್ಕತೀನಿ ಕಣೆ.”

“ಮನೇಲಿ ನೀವು ಕೂರಲ್ಲ. ಇಲ್ಲೇ ಕೂತ್ಕಳಿ. ನಕ್ಕೋರೆಲ್ಲ ನೋಡ್ಲಿ.”

ಅಪ್ಪ ಅಂಚಿನಲ್ಲಿ ಕೂತರು, ಕಾಲು ನೆಲದ ಮೇಲೆಯೇ. ಅವ್ವ ಕುಕ್ಕರಗಾಲಲ್ಲಿ ಕೂತು ಅವರ ಒಂದು ಕಾಲೆತ್ತಿ ಚೇರಿನ ತೋಳಿನ ಮೇಲಿಟ್ಟಳು. ಇನ್ನೊಂದನ್ನು ನಾನು ಎತ್ತಿದೆ. ಅಷ್ಟು ಭಾರವಿದ್ದೀತೆಂದು ನನಗೆ ಗೊತ್ತಿರಲಿಲ್ಲ. ಅಳು ಬಂತು.

ಅಪ್ಪ ಕತ್ತು ಹೊರಳಿಸಿ ಹಿಂದೆ ನೋಡಿದರು. “ಯಾರೂ ಬರ್ತಿಲ್ಲ ತಾನೆ?”

“ಬಂದ್ರೆ ಬರ್ಲಿ,” ಎಂದಳು ಅವ್ವ. “ನಿಂತ್ಕತಾರೆ.”